ಕಾಫಿ ಕಣದಲ್ಲಿ ರೇಣುಕೆ

ಆಲೂರಿನಿಂದ ಬೆಳಗೋಡಿಗೆ ಹೋಗುವ ಬಸ್ಸಿನಲ್ಲಿ ಫೆಬ್ರವರಿ ತಿಂಗಳಲ್ಲಿ ಕಿಟಕಿ ತೆರೆದು ಕೂತರೆ ದಾರಿಯುದ್ದಕ್ಕೂ ಒಂದು ವಾಸನೆ ಜೊತೆಗೇ ಬರುತ್ತದೆ. ಕಣದಲ್ಲಿ ಹರವಿದ ಕಾಫಿ ಹಣ್ಣು ಮೂರನೆಯ, ನಾಲ್ಕನೆಯ ಬಿಸಿಲಿಗೆ ಬಿಡುವ ವಾಸನೆ ಅದು. ಸ್ವಲ್ಪ ಬೆಲ್ಲ, ಸ್ವಲ್ಪ ಹುಳಿ, ಸ್ವಲ್ಪ ಕೊಳೆತ ಎಲೆ. ಹೋದ ವಾರ ಅದು ಮೂಗಿಗೆ ಬಡಿದಾಗ ಪಕ್ಕದಲ್ಲಿ ಕೂತವರು, ‘ಈ ಸಲ ಫಸಲು ಪರವಾಗಿಲ್ಲ ಕಣ್ರೀ’ ಎಂದರು. ನಾನು ಹೌದು ಎಂದೆ. ಆದರೆ ನನ್ನ ತಲೆಯಲ್ಲಿ ಆಗಲೇ ವಿಭಾ ಬಂದು ಕೂತಿದ್ದಳು. ಅವಳ ಹಿಂದೆಯೇ, ನಾಲ್ಕು ವರ್ಷವಾದರೂ ಆರದೆ ಸಣ್ಣಗೆ ಉರಿಯುತ್ತಲೇ ಇರುವ ಹೊಟ್ಟೆಕಿಚ್ಚು.

ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ವರ್ಷದ ಹಿಂದಿನ ಆ ಕೊಯ್ಲಿನಲ್ಲಿ ನಮ್ಮ ಮನೆಯ ಕಣದಲ್ಲಿ ಒಂದು ಚಿತ್ರ ಮಳೆಗೆ ಸಿಕ್ಕಿ ಹಾಳಾಯಿತು. ಬರೆದವಳು ವಿಭಾ. ಚಿತ್ರದಲ್ಲಿದ್ದದ್ದು ಪುರಾಣದ ರೇಣುಕೆ, ಮುಖ ಮಾತ್ರ ನನ್ನ ಅಮ್ಮನದು. ಆಗ ಕಣದಲ್ಲಿದ್ದವನು ನಾನೊಬ್ಬನೇ. ಅದು ನನ್ನ ಕಣ್ಣಿಗೆ ಬೀಳದೆ ಹಾಳಾಯಿತೋ, ಬಿದ್ದೂ ನಾನು ಸುಮ್ಮನಿದ್ದೆನೋ ಎಂಬುದಕ್ಕೆ ನನ್ನ ಹತ್ತಿರ ಎರಡು ಉತ್ತರಗಳಿವೆ. ಎರಡನ್ನೂ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಯಾವುದು ನೆನಪು ಯಾವುದು ವಕೀಲಿ ಎಂದು ಈಗ ನನಗೇ ಗೊತ್ತಾಗುವುದಿಲ್ಲ.

ನಾನು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವನು. ಆಗ ಆಲೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ, ಈಗಲೂ ಅದೇ. ನಮ್ಮ ಕಡೆಯ ಕೆಲಸದ ಹಾಡುಗಳಲ್ಲಿ ಪುರಾಣದ ಹೆಂಗಸರು ಹೇಗೆ ಬದಲಾಗುತ್ತಾರೆ ಎಂಬ ವಿಷಯಕ್ಕೆ ಪಿಎಚ್.ಡಿ. ನೋಂದಣಿ ಮಾಡಿಸಿ ಆಗಲೇ ಏಳು ವರ್ಷವಾಗಿತ್ತು. ಅಧ್ಯಾಯಗಳ ಹೆಸರುಗಳು ಸಿದ್ಧವಿದ್ದವು, ಅಧ್ಯಾಯಗಳು ಇರಲಿಲ್ಲ. ವಿಭಾ ಅದೇ ಕಾಲದಲ್ಲಿ ಮೈಸೂರಿನಲ್ಲಿ ಚಿತ್ರಕಲೆ ಓದಿದವಳು, ದಾವಣಗೆರೆ ಕಡೆಯವಳು. ನಾಟಕ, ಭಾಷಣ, ಟೀ ಅಂಗಡಿ ಎಂದು ಒಟ್ಟಿಗೆ ಅಲೆದಾಡಿದ ಗುಂಪಿನಲ್ಲಿ ಕೊನೆಗೂ ಸಂಪರ್ಕದಲ್ಲಿ ಉಳಿದವರು ನಾವಿಬ್ಬರೇ. ಅವಳು ಒಂದು ದಿನ ಫೋನು ಮಾಡಿ, ಅಹಲ್ಯೆ, ಶೂರ್ಪನಖಿ, ರೇಣುಕೆ ಇವರನ್ನೆಲ್ಲ ಕಾಗದದ ಮೇಲೆ ಹೊಸದಾಗಿ ಬರೆಯಬೇಕೆಂದಿದ್ದೇನೆ, ಯಾರೂ ಶಾಪ ಕೊಡುವ ಮೊದಲು ಅಥವಾ ಶಾಪ ಮುಗಿದ ಮೇಲೆ ಅವರು ಹೇಗಿದ್ದರೋ ಹಾಗೆ, ಎಲ್ಲಾದರೂ ಎರಡು ತಿಂಗಳು ಕೂರಲು ಜಾಗ ಬೇಕು ಎಂದಳು.

‘ನಮ್ಮಲ್ಲಿಗೇ ಬಾ. ಆ ವಿಷಯದಲ್ಲಿ ನಿನಗೆ ಏನು ಬೇಕೋ ಎಲ್ಲ ನನ್ನ ಹತ್ತಿರ ಇದೆ’ ಎಂದೆ.

ಹಾಗೆ ಅಂದದ್ದು ಚೆನ್ನಾಗಿ ನೆನಪಿದೆ. ಜಂಬ ಕೊಚ್ಚಿಕೊಂಡದ್ದು ಅಷ್ಟು ಬೇಗ ಮರೆಯುವುದಿಲ್ಲ.

ಅವಳು ಜನವರಿಯ ಮೊದಲಲ್ಲಿ ಬಂದಳು, ರೋಬಸ್ಟಾ ಹಣ್ಣು ಕೊಯ್ಯಲು ಶುರುವಾಗುವ ಹೊತ್ತಿಗೆ. ಬಸ್ಸಿನಿಂದ ಇಳಿಸಿದ್ದು ಒಂದು ಸಣ್ಣ ಚೀಲ ಮತ್ತು ಆಳೆತ್ತರದ ಎರಡು ಕಾಗದದ ಸುರುಳಿ. ಅವನ್ನು ಹೆಗಲ ಮೇಲೆ ಹೊತ್ತು ನಾನು ಅಂಗಳಕ್ಕೆ ಬಂದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

‘ಏನೋ ಇದು, ಚಿತ್ರ ಬರೆಯೋರು ಬತ್ತಾರೆ ಅಂದೆ, ಚಾಪೆ ಮಾರೋರ್ನ ಕರ್ಕಂಡ್ ಬಂದಿದೀಯ?’

ವಿಭಾ ನಕ್ಕಳು. ‘ಚಾಪೇನೇ ಅಮ್ಮಾ. ಮೇಲೆ ಹೆಂಗಸರನ್ನ ಕೂರಿಸ್ತೀನಿ, ಅಷ್ಟೇ.’

‘ಹಂಗಾದ್ರೆ ಒಳ್ಳೇದು. ನಮ್ಮನ್ನ ಕೂರ್ಸೋರು ಯಾರೂ ಇರ್ನಿಲ್ಲ’ ಎಂದು ಅಮ್ಮ ಒಳಗೆ ಹೋದಳು. ಕಾಫಿ ಮಾಡಲು ಹೋದಳೆಂದು ಗೊತ್ತಿದ್ದರೂ ನನಗೆ ಏನೋ ಕಸಿವಿಸಿಯಾಯಿತು. ನನ್ನ ಗೆಳೆಯರ ಜೊತೆ ಅಮ್ಮ ಅಷ್ಟು ಬೇಗ ಮಾತಿಗಿಳಿದದ್ದನ್ನು ನಾನು ನೋಡಿರಲಿಲ್ಲ.

ಅಮ್ಮನ ಹೆಸರು ಜಯಮ್ಮ. ನಾನು ಡಿಗ್ರಿ ಓದುವಾಗ ಅಪ್ಪ ತೀರಿಕೊಂಡರು; ಅಂದಿನಿಂದ ಹತ್ತೆಕರೆ ತೋಟವನ್ನು ಅವಳೇ ನಡೆಸುತ್ತಾಳೆ. ತೋಟದ ಕೆಳಗೆ, ಕೂಗಳತೆಯಲ್ಲಿ, ಆಳುಗಳಿಗೆಂದು ಕಟ್ಟಿದ ಎರಡು ಮನೆಗಳ ಸಣ್ಣ ಲೈನ್ ಇದೆ. ಅದರಲ್ಲೊಂದು ಮನೆಯಲ್ಲಿ ಪುಟ್ಟಮ್ಮ ಇರುತ್ತಾಳೆ. ಕೊಯ್ಲಿಗೆ ಅಕ್ಕಪಕ್ಕದ ಊರುಗಳಿಂದ ಹೆಂಗಸರನ್ನು ಸೇರಿಸಿ ತರುವವಳು ಅವಳೇ, ಅವರೆಲ್ಲರ ಪರವಾಗಿ ಮಾತಾಡುವ ಬಾಯಿಯೂ ಅವಳೇ. ನನ್ನ ಸಂಶೋಧನೆಯ ಹಾಡುಗಳಲ್ಲಿ ಮುಕ್ಕಾಲು ಪಾಲು ಪುಟ್ಟಮ್ಮ ಹೇಳಿದ್ದು. ಅವಳನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಮುಂದೆ ರೆಕಾರ್ಡರ್ ಇಟ್ಟು ಕೇಳುತ್ತಿದ್ದೆ. ಅವಳು ತಲೆಗೂದಲು ಸರಿಮಾಡಿಕೊಂಡು, ಗಂಟಲು ಕೆಮ್ಮಿ, ಶಾಲೆಯ ಪ್ರಾರ್ಥನೆಯಂತೆ ಹಾಡಿ ಎದ್ದು ಹೋಗುತ್ತಿದ್ದಳು. ಅಹಲ್ಯೆಯ ಬಗ್ಗೆ ನಿಮಗೆ ಏನನ್ನಿಸುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. ‘ಪಾಪ’ ಎಂದಿದ್ದಳು. ಆ ಒಂದು ಶಬ್ದದ ಮೇಲೆ ಎರಡು ಪುಟ ಬರೆದಿದ್ದೆ.

ಕಾಫಿ ಮೂಟೆ ಇಡುವ ಸ್ಟೋರಿನ ಮೇಲಿನ ಅಟ್ಟವನ್ನು ಗುಡಿಸಿ ವಿಭಾಳಿಗೆ ಬಿಟ್ಟುಕೊಟ್ಟೆವು. ಅವಳು ಬಣ್ಣಗಳನ್ನು ತಂದೇ ಇರಲಿಲ್ಲ. ದೀಪದ ಮಸಿ, ಕಾಫಿ ಚರಟದ ಕಷಾಯ, ಅಡಿಕೆ ಬೇಯಿಸಿದ ಚೊಗರು, ಅರಿಸಿನ, ಇಷ್ಟೇ. ನೀರಿನಲ್ಲಿ ಕಲಸಿ ದಪ್ಪ ಕಾಗದದ ಮೇಲೆ ಹರಿಯಬಿಡುತ್ತಿದ್ದಳು. ಚಿತ್ರ ಮುಗಿದು ಪೂರ್ತಿ ಒಣಗಿದ ಮೇಲೆ ಒಂದು ಅಂಟಿನ ಲೇಪ ಹಾಕುವಳು. ಅಲ್ಲಿಯವರೆಗೆ ಒಂದು ಹನಿ ನೀರು ಬಿದ್ದರೂ ಎಲ್ಲ ಕದಡುತ್ತದೆ. ಅಟ್ಟದಲ್ಲಿ ತೇವ ಹೆಚ್ಚೆಂದು ಹಾಳೆಗಳನ್ನು ಕಣದ ಒಂದು ತುದಿಯಲ್ಲಿ, ಚಾಪೆಯ ಮೇಲೆ, ನಾಲ್ಕು ಮೂಲೆಗೂ ಕಲ್ಲಿಟ್ಟು ಒಣಗಿಸುತ್ತಿದ್ದಳು. ಈ ಕಡೆ ಕಾಫಿ, ಆ ಕಡೆ ಹೆಂಗಸರು.

ಮೊದಲು ಒಣಗಿದವಳು ಅಹಲ್ಯೆ. ಶಾಪ ಕಳೆಯುವ ಪಾದ ದೂರದಲ್ಲಿ ಬರುತ್ತಿದೆ. ಕಲ್ಲಾದವಳು ಅರ್ಧ ಕಣ್ಣು ತೆರೆದು ಅದನ್ನು ನೋಡುತ್ತಿದ್ದಾಳೆ, ಏಳುವ ಮನಸ್ಸಿಲ್ಲ. ಮಧ್ಯಾಹ್ನ ಹಣ್ಣು ತಂದು ಸುರಿಯಲು ಬಂದ ಹೆಂಗಸರು ಸುತ್ತ ನಿಂತರು.

‘ಯಾಕ್ ಮಲ್ಗವ್ಳೆ ವಿಭಕ್ಕಾ ಇವ್ಳು?’

‘ಏಳಬೇಕೋ ಬೇಡವೋ ಅಂತ ಯೋಚನೆ ಮಾಡ್ತಿದ್ದಾಳೆ.’

ಪುಟ್ಟಮ್ಮ ಸೊಂಟದ ಚೀಲ ಬಿಚ್ಚುತ್ತಲೇ ಹೇಳಿದಳು: ‘ಏಳ್ಬ್ಯಾಡ ಕಣವ್ವಾ ಅಂತ ಹೇಳು ಅವ್ಳಿಗೆ. ಎದ್ರೆ ನೀರ್ ತಕಬಾ ಅಂತಾರೆ.’

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನು ಜಗಲಿಯ ಮೇಲೆ ನನ್ನ ‘ಪಾಪ’ದ ಎರಡು ಪುಟಗಳ ಜೊತೆ ಕೂತಿದ್ದೆ.

ಆ ಸಂಜೆ ವಿಭಾಳಿಗೆ, ಅಹಲ್ಯೆಯನ್ನು ಈ ರೀತಿ ನೋಡುವುದು ಹೊಸದೇನಲ್ಲ, ವಿಮರ್ಶೆಯಲ್ಲಿ ಇದೆಲ್ಲ ಯಾವಾಗಲೋ ಬಂದು ಹೋಗಿದೆ ಎಂದೆ.

‘ಇರಬಹುದು. ನಾನು ಓದಿಲ್ಲ’ ಎಂದಳು. ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಎರಡನೆಯ ವಾರದಿಂದ ಅವಳು ಬೆಳಿಗ್ಗೆ ಹೆಂಗಸರ ಜೊತೆ ತೋಟಕ್ಕೇ ಹೋಗತೊಡಗಿದಳು. ಅಮ್ಮನ ಹಳೆಯ ಅಂಗಿ ಹಾಕಿ, ಸೊಂಟಕ್ಕೆ ಚೀಲ ಕಟ್ಟಿ ಒಂದು ಸಾಲು ಹಿಡಿದಳು. ನಮ್ಮಲ್ಲಿ ಕೊಯ್ಲಿಗೆ ಒಂದು ಸಾಲನ್ನು ಇಬ್ಬರು ಹಿಡಿಯುತ್ತಾರೆ. ಒಬ್ಬಳು ಗಿಡದ ಈ ಮಗ್ಗುಲು, ಇನ್ನೊಬ್ಬಳು ಆ ಮಗ್ಗುಲು. ನಡುವೆ ಎಲೆ ತುಂಬಿದ ಅಡ್ಡ ಕೊಂಬೆಗಳು. ಮುಖ ಕಾಣುವುದಿಲ್ಲ, ಕೈಗೆ ಪುರುಸೊತ್ತಿಲ್ಲ, ಆದ್ದರಿಂದ ಮಾತು ತಾನಾಗಿ ಬರುತ್ತದೆ. ಬಂದ ಮಾತಿಗೆ ಆ ಕಡೆಯಿಂದ ಉತ್ತರ ಬರಲೇಬೇಕೆಂದೂ ಇಲ್ಲ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬಂದ ನನಗೆ, ಮಾತು ಬೇಕಾದವನು ಗಿಡದ ಆ ಮಗ್ಗುಲಿಗೆ ಹೋಗಿ ನಿಲ್ಲಬೇಕೆಂದು ಏಳು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ದಾವಣಗೆರೆಯಿಂದ ಬಂದವಳಿಗೆ ಹನ್ನೆರಡು ದಿನದಲ್ಲಿ ಹೊಳೆಯಿತು.

ಒಂದು ರಜೆಯ ದಿನ ನಾನೂ ಹೋದೆ. ಗಿಡಗಳ ಹಿಂದೆ ಸುಮ್ಮನೆ ನಿಂತಿದ್ದೆ, ಕೇಳಿಸಿಕೊಳ್ಳಲು. ಯಾರೋ ಗಂಡನ ತಮ್ಮನ ಬಗ್ಗೆ ಹೇಳುತ್ತಿದ್ದರು, ಶೂರ್ಪನಖಿಯ ಮೂಗಿನ ಮಾತೂ ಬಂತು. ಒಣ ಎಲೆ ನನ್ನ ಕಾಲಡಿ ಸದ್ದು ಮಾಡಿತು. ಮಾತು ನಿಂತುಹೋಯಿತು.

‘ಯಾರದು? ಮೇಷ್ಟ್ರಾ?’ ಪುಟ್ಟಮ್ಮ ಕೊಂಬೆ ಸರಿಸಿ ಇಣುಕಿದಳು. ‘ಹಣ್ಣು ಬಿಡ್ಸಕ್ ಬಂದ್ರಾ, ನಮ್ ಬಾಯ್ ಬಿಡ್ಸಕ್ ಬಂದ್ರಾ? ಬಂದಿದ್ರೆ ಚೀಲ ಕಟ್ಕಳಿ ಮತ್ತೆ, ಬರಿಗೈಲಿ ನಿಂತ್ಕಬ್ಯಾಡಿ.’

ಮತ್ತೆ ನಗು. ನಾನು ಚೀಲ ಕಟ್ಟಿಕೊಳ್ಳಲಿಲ್ಲ. ಮನೆಗೆ ಬಂದು, ಕಲಾವಿದರು ಹೇಗೆ ಬಡವರ ಮಾತನ್ನು ತಮ್ಮ ಬಂಡವಾಳ ಮಾಡಿಕೊಳ್ಳುತ್ತಾರೆ ಎಂದು ಟಿಪ್ಪಣಿ ಬರೆದೆ. ಟಿಪ್ಪಣಿ ಈಗಲೂ ಇದೆ. ವಾದ ಸರಿಯಾಗಿಯೇ ಇದೆ.

ಇಷ್ಟರ ಮಟ್ಟಿಗಾದರೆ ಅದು ಒಬ್ಬ ಸಂಶೋಧಕನ ಹೊಟ್ಟೆಕಿಚ್ಚಾಗಿ ಮುಗಿಯುತ್ತಿತ್ತು. ಫೆಬ್ರವರಿಯಲ್ಲಿ ವಿಭಾಳ ಜೊತೆ ಸಾಲು ಹಿಡಿದವಳು ನನ್ನ ಅಮ್ಮ.

ತೋಟದ ಒಡತಿ ಸಾಲು ಹಿಡಿಯುವ ವಾಡಿಕೆ ಇಲ್ಲ. ಕೈಕಟ್ಟಿ ನಿಂತು ಕೆಲಸ ನೋಡಿಕೊಳ್ಳುತ್ತಿದ್ದ ಅಮ್ಮ ಒಂದು ಬೆಳಿಗ್ಗೆ, ‘ಈ ಹುಡ್ಗಿ ಅರ್ಧ ಹಣ್ಣು ಗಿಡದಲ್ಲೇ ಬಿಡ್ತಾಳೆ ಕಣೆ ಪುಟ್ಟಮ್ಮ, ನಾನೇ ಜೊತೆ ನಿಂತ್ಕತೀನಿ’ ಎಂದಳಂತೆ. ಅದಾದ ಮೇಲೆ ಮಧ್ಯಾಹ್ನ ಊಟವಾದ ಕೂಡಲೇ ಸ್ಟೋರಿನ ಅಟ್ಟ ಹತ್ತುವುದೂ ಶುರುವಾಯಿತು. ಕಾಲೇಜಿನಿಂದ ನಾನು ಸಂಜೆ ಬರುವಾಗ ಅಟ್ಟದಿಂದ ನಗು ಕೇಳುತ್ತಿತ್ತು. ಅಮ್ಮನ ನಗು ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ನಗು ಇರಲಿಲ್ಲ, ತುಂಬ ಹೊತ್ತು ಒಂದೇ ದನಿ ಮೆಲ್ಲಗೆ ಹೇಳುತ್ತಿತ್ತು. ನಾನು ಏಣಿಯ ಬುಡದಲ್ಲಿ ನಿಂತೆ. ಒಂದು ಮಾತೂ ಸ್ಪಷ್ಟವಾಗಲಿಲ್ಲ.

ಅಮ್ಮ ಕೆಳಗಿಳಿದಾಗ ಕೇಳಿದೆ: ‘ಏನಮ್ಮ ಅಷ್ಟೊಂದು?’

‘ಏನಿಲ್ಲ ಕಣೋ. ಹಳೇದು.’

‘ಹಳೇದು ಅಂದ್ರೆ?’

‘ಹಳೇದು ಅಂದ್ರೆ ಹಳೇದು. ನಿಂಗೆ ತಿಂಡಿ ಏನ್ ಮಾಡ್ಲಿ?’

ಹಳೆಯದು ಯಾವುದೆಂದು ನಾನು ಊಹಿಸಬಲ್ಲೆ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಅಮ್ಮನ ಜೊತೆ ಮಾತು ಬಿಟ್ಟಿದ್ದರು. ಎಷ್ಟು ದಿನ ಎಂದು ಖಚಿತವಿಲ್ಲ. ಒಂದು ಮಳೆಗಾಲ ಎಂದು ನನ್ನ ನೆನಪು. ಎರಡು ವರ್ಷ ಎಂದು ಅಮ್ಮ ಒಮ್ಮೆ ಅಂದಿದ್ದಳು. ಆ ಕಾಲದಲ್ಲಿ ಅವರ ನಡುವೆ ಓಡಾಡುತ್ತಿದ್ದವನು ನಾನು. ‘ನಿಮ್ಮಮ್ಮಂಗೆ ಹೇಳು, ಊಟ ಇಲ್ಲೇ ಕಳಿಸ್ಬೇಕಂತೆ.’ ‘ನಿಮ್ಮಮ್ಮಂಗೆ ಹೇಳು, ಇನ್ಮೇಲೆ ಹೊಳೆ ಕಡೆ ಕಾಲು ಹಾಕ್ಬಾರ್ದಂತೆ.’ ನಾನು ಓಡಿಹೋಗಿ ಅದನ್ನು ಹಾಗೆಯೇ, ಅಪ್ಪನ ದನಿಯಲ್ಲೇ ಹೇಳುತ್ತಿದ್ದೆ. ಹೊಳೆಯ ಹತ್ತಿರ ಏನಾಗಿತ್ತು, ಯಾರಿದ್ದರು, ಏನಾದರೂ ಆಗಿತ್ತೋ ಇಲ್ಲವೋ ಎಂದು ನಾನು ಅಮ್ಮನನ್ನು ಯಾವತ್ತೂ ಕೇಳಲಿಲ್ಲ. ಅವರಿವರ ತಾಯಂದಿರನ್ನು ಕುರ್ಚಿಯ ಮೇಲೆ ಕೂರಿಸಿ ಕೇಳುತ್ತಿದ್ದೆ.

ರೇಣುಕೆಯ ಕತೆ ಎಲ್ಲರಿಗೂ ಗೊತ್ತಿರುವುದೇ. ಹೊಳೆಯಿಂದ ದಿನವೂ ಹಸಿ ಮರಳಿನ ಕೊಡದಲ್ಲಿ ನೀರು ತರುವಷ್ಟು ಶುದ್ಧಳು. ಒಂದು ದಿನ ನೀರಿನಲ್ಲಿ ಇನ್ನೊಬ್ಬನನ್ನು ಕಂಡು ಕ್ಷಣ ಮೈಮರೆತಳು, ಕೊಡ ಒಡೆಯಿತು. ಗಂಡ ಮಗನಿಗೆ ಹೇಳಿದ, ಮಗ ತಾಯಿಯ ತಲೆ ಕಡಿದ. ವಿಭಾಳ ರೇಣುಕೆಯನ್ನು ನಾನು ನೋಡಿದ್ದು ಒಂದೇ ಸಲ, ಮಳೆಯ ಹಿಂದಿನ ದಿನ, ಅವಳು ಅಟ್ಟದಿಂದ ಹಾಳೆಯನ್ನು ಕೆಳಗಿಳಿಸುವಾಗ. ಹೊಳೆಯ ದಡದಲ್ಲಿ ಒಬ್ಬ ಹೆಂಗಸು ಕಾಲು ನೀರಿಗಿಳಿಬಿಟ್ಟು ಕೂತಿದ್ದಾಳೆ. ತನ್ನ ತಲೆಯನ್ನು ತಾನೇ ಮಡಿಲಲ್ಲಿ ಇಟ್ಟುಕೊಂಡು, ಕೂದಲ ಸಿಕ್ಕು ಬಿಡಿಸುತ್ತಿದ್ದಾಳೆ. ಮಡಿಲಲ್ಲಿರುವ ಮುಖ ಅಮ್ಮನದು. ಅಮ್ಮನಿಗೆ ಮೂವತ್ತು ವರ್ಷವಿದ್ದಾಗ ಹೇಗಿದ್ದಿರಬಹುದೋ ಹಾಗೆ. ತುಟಿ ಸ್ವಲ್ಪ ತೆರೆದಿದೆ, ಮಾತಿನ ಮಧ್ಯದಲ್ಲಿರುವಂತೆ. ಹಾಗಂತ ನನ್ನ ನೆನಪು. ಒಂದೇ ಸಲ ಕಂಡ ಚಿತ್ರಕ್ಕೆ ಆಮೇಲೆ ನಾನೇ ಎಷ್ಟು ಸೇರಿಸಿದ್ದೇನೋ.

ನಾನು ಕೇಳಿದ್ದು ಇಷ್ಟೇ: ‘ಮಗ ಎಲ್ಲಿ?’

‘ಇಲ್ಲ.’

‘ಅವನಿಲ್ಲದೆ ಈ ಕತೆಯೇ ಇಲ್ಲವಲ್ಲ.’

‘ನಿಮ್ಮಮ್ಮ ಬೇಡ ಅಂದ್ರು’ ಎಂದಳು ವಿಭಾ. ಹಾಳೆಯ ಅಂಚನ್ನು ಸರಿಮಾಡುತ್ತಿದ್ದಳು, ನನ್ನ ಕಡೆ ನೋಡಲಿಲ್ಲ.

ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಮ್ಮ ತನ್ನ ಜೀವನದ ಗಟ್ಟಿ ಮಾತನ್ನು ಕೊನೆಗೂ ಒಬ್ಬರಿಗೆ ಹೇಳಿದಳು, ಹೇಳಿದ್ದು ನನಗಲ್ಲ. ಹೇಳಿದ್ದರಲ್ಲಿ ನನಗೆ ಜಾಗವೂ ಇಲ್ಲ. ಕೊಡಲಿ ಹಿಡಿದು ನಿಲ್ಲುವಷ್ಟು ಜಾಗವೂ ಇಲ್ಲ. ತಾಯಿಯನ್ನು ಕೊಂದ ಮಗನ ಪಾತ್ರ ತನಗೆ ಸಿಗಲಿಲ್ಲವೆಂದು ಒಬ್ಬ ಮನುಷ್ಯ ಹೊಟ್ಟೆ ಉರಿದುಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಉರಿದುಕೊಳ್ಳಬಹುದು. ನಾನು ಇಡೀ ರಾತ್ರಿ ಉರಿದುಕೊಂಡೆ.

ಮರುದಿನ ತೋಟದ ಕೆಲಸಕ್ಕೂ ನನ್ನ ಕಾಲೇಜಿಗೂ ರಜೆ. ಅಮ್ಮನೂ ವಿಭಾಳೂ ಬೆಳಿಗ್ಗೆಯ ಬಸ್ಸಿಗೆ ಸಕಲೇಶಪುರಕ್ಕೆ ಹೊರಟರು. ಅಮ್ಮನಿಗೆ ಹಲ್ಲು ತೋರಿಸಬೇಕಿತ್ತು, ವಿಭಾಳಿಗೆ ಲೇಪದ ಅಂಟು ಮುಗಿದಿತ್ತು. ಹೊರಡುವ ಗಡಿಬಿಡಿಯಲ್ಲಿ ವಿಭಾ, ‘ಮೂರು ಹಾಳೆಗೆ ಲೇಪ ಆಗಿದೆ, ರೇಣುಕೆಗೆ ಮಾತ್ರ ಆಗಿಲ್ಲ’ ಎಂದಳೋ, ಅಥವಾ ಅದನ್ನು ನಾನು ಆಮೇಲೆ ತಿಳಿದುಕೊಂಡು ಬೆಳಗಿನ ಬಾಯಿಗೆ ಹಾಕಿದೆನೋ ಹೇಳಲಾರೆ. ನಾಲ್ಕು ಹಾಳೆಗಳು ಕಣದ ಆ ತುದಿಯಲ್ಲಿದ್ದವು. ಈ ತುದಿಯಿಂದ ಮುಕ್ಕಾಲು ಕಣದವರೆಗೆ ಕಾಫಿ.

ಊಟವಾಗಿ ಸ್ವಲ್ಪ ಹೊತ್ತಿಗೆ ಬಿಸಿಲು ಹೋಯಿತು. ಹಾನುಬಾಳಿನ ಕಡೆಯ ಬೆಟ್ಟಗಳ ಮೇಲೆ ಮೋಡ ಕಪ್ಪಾಗಿ ನಿಂತು, ಗಾಳಿ ಎದ್ದಿತು. ಕಾಫಿ ಹೂ ಅರಳಿಸುವ ಮೊದಲ ಮಳೆ. ಗಿಡಕ್ಕೆ ಅಮೃತ, ಕಣಕ್ಕೆ ಕೇಡು. ನಾನು ಹೊರಗೆ ಬಂದೆ.

ಮೊದಲನೆಯ ಉತ್ತರ ಹೀಗಿದೆ. ಹನಿ ಬಿದ್ದ ಕೂಡಲೇ ಟಾರ್ಪಾಲಿನ ಸುರುಳಿ ಎಳೆದೆ. ಒಬ್ಬನಿಗೆ ಎತ್ತಲಾಗದ ಭಾರ. ಹಿಂದೆ ನಡೆಯುತ್ತ, ಎಳೆಯುತ್ತ, ಗಾಳಿಗೆ ಏಳುತ್ತಿದ್ದ ಅಂಚಿನ ಮೇಲೆ ಕಲ್ಲಿಡುತ್ತ ಕಾಫಿಯನ್ನು ಮುಚ್ಚಿದೆ. ಬೆನ್ನು ಆ ತುದಿಗಿತ್ತು. ತಿರುಗುವ ಹೊತ್ತಿಗೆ ಮಳೆ ಜೋರಾಗಿ ಹೊಯ್ಯುತ್ತಿತ್ತು, ಎಲ್ಲ ಮುಗಿದಿತ್ತು.

ಎರಡನೆಯದು ಇನ್ನೂ ಚಿಕ್ಕದು. ಮೊದಲ ಹನಿಗಳು ದೊಡ್ಡದಾಗಿ, ಬಿಡಿಬಿಡಿಯಾಗಿ ಬಿದ್ದವು. ನಾನು ಹಾಳೆಗಳ ಕಡೆ ನೋಡಿದೆ. ಅಮ್ಮನ ಕೆನ್ನೆಯ ಮೇಲೆ ಒಂದು ಹನಿ ಬಿದ್ದು, ಮಸಿ ನಕ್ಷತ್ರದಂತೆ ಹರಡಿತು. ಅದನ್ನು ನೋಡಿ, ಟಾರ್ಪಾಲಿನ ಕಡೆ ತಿರುಗಿದೆ.

ನಕ್ಷತ್ರದಂತೆ ಎಂಬ ಮಾತು ನನಗೆ ಅನುಮಾನ ತರಿಸುತ್ತದೆ. ಅದು ನೋಡಿದವನ ಮಾತಿಗಿಂತ ಬರೆಯುವವನ ಮಾತಿನಂತಿದೆ. ಹಾಗಾಗಿ ಎರಡನೆಯದನ್ನು ನಾನು ಬಹಳ ಕಾಲ ತಳ್ಳಿಹಾಕುತ್ತ ಬಂದೆ.

ಸಂಜೆ ಅವರಿಬ್ಬರೂ ಬಂದಾಗ ಮಳೆ ನಿಂತಿತ್ತು. ಕಾಫಿಯ ಒಂದು ಹಣ್ಣೂ ನೆನೆದಿರಲಿಲ್ಲ. ಮೂರು ಹಾಳೆಗಳು ಲೇಪದಿಂದಾಗಿ ಹೇಗೋ ಉಳಿದಿದ್ದವು. ನಾಲ್ಕನೆಯದರಲ್ಲಿ ಕಂದು ನೀರು ನಿಂತಿತ್ತು. ವಿಭಾ ಅದರ ಮುಂದೆ ಮಂಡಿಯೂರಿ ಕೂತಳು. ಬೆರಳಿನಿಂದ ನೀರನ್ನು ಅಂಚಿಗೆ ಸರಿಸಿ ನೋಡಿದಳು. ಅವಳು ಅಳುತ್ತಾಳೆ ಅಥವಾ ಬಯ್ಯುತ್ತಾಳೆ ಎಂದು ನಾನು ಕಾದೆ. ಕೊನೆಗೆ ಅವಳು ಹೇಳಿದ್ದು: ‘ಹೋಗಲಿ ಬಿಡು. ಇಲ್ಲಿ ಹುಟ್ಟಿದವರ ಕೈ ಮೊದಲು ಕಾಫಿಗೇ ಹೋಗುತ್ತೆ. ನಾನು ಅಲ್ಲಿಡಬಾರದಿತ್ತು.’

ಅವಳು ಅಷ್ಟು ಒಳ್ಳೆಯ ಕ್ಷಮೆಯನ್ನು ಅಷ್ಟು ಬೇಗ ಕೊಟ್ಟದ್ದು ನನಗೆ ಸಹಿಸಲಾಗಲಿಲ್ಲ. ಆದರೂ ತೆಗೆದುಕೊಂಡೆ. ಅಮ್ಮ ಟಾರ್ಪಾಲಿನ ನಾಲ್ಕೂ ಅಂಚುಗಳ ಸುತ್ತ ನಡೆದು, ನಾನಿಟ್ಟ ಕಲ್ಲುಗಳನ್ನು ನೋಡಿ ಒಳಗೆ ಹೋದಳು. ಆಮೇಲಿನ ದಿನಗಳಲ್ಲಿ ಇನ್ನೊಮ್ಮೆ ಕೂರುತ್ತೀರಾ ಎಂದು ವಿಭಾ ಕೇಳಿದಾಗ, ‘ಬ್ಯಾಡ ಬಿಡವ್ವ, ಆತು’ ಎಂದಳಂತೆ. ಮಾರ್ಚ್ ಮೊದಲಲ್ಲಿ ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಘಮಘಮಿಸುತ್ತಿದ್ದಾಗ ವಿಭಾ ಹೊರಟುಹೋದಳು.

ವಿಭಾ ಕೊಟ್ಟ ಆ ಮಾತನ್ನು ನಾನು ನಾಲ್ಕು ವರ್ಷ ಚೆನ್ನಾಗಿ ಬಳಸಿಕೊಂಡೆ. ಸ್ಟಾಫ್ ರೂಮಿನಲ್ಲಿ ಅದನ್ನೊಂದು ತಮಾಷೆಯ ಪ್ರಸಂಗದಂತೆ ಹೇಳುತ್ತಿದ್ದೆ: ‘ನಮ್ಮೋರಿಗೆ ಆಕಾಶ ಕಳಚಿ ಬಿದ್ರೂ ಮೊದಲು ಕಾಫಿ ಮುಚ್ಚಬೇಕು ಮಾರಾಯ್ರೆ.’ ಎಲ್ಲರೂ ನಗುತ್ತಿದ್ದರು. ಹೋದ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಅವಳ ಪ್ರದರ್ಶನವಾಯಿತು. ಹೋಗಿದ್ದೆ. ಬಿಳಿ ಗೋಡೆಯ ಮೇಲೆ ಅರ್ಧ ಕಣ್ಣು ತೆರೆದ ಅಹಲ್ಯೆ, ಪುಟ್ಟಮ್ಮನ ಮುಖಕ್ಕೆ ಮೂಗುತಿ ಹಾಕಿದ ಶೂರ್ಪನಖಿ. ಜನ ಅವುಗಳ ಮುಂದೆ ದನಿ ತಗ್ಗಿಸಿ ಮಾತಾಡುತ್ತಿದ್ದರು. ಬಾಗಿಲ ಬಳಿಯ ಫಲಕದಲ್ಲಿ ‘ಬೆಳಗೋಡಿನ ಕಡೆಯ ಹೆಂಗಸರಿಗೆ’ ಎಂದಷ್ಟೇ ಇತ್ತು. ನನ್ನ ಹೆಸರಿಗಾಗಿ ಎರಡು ಸಲ ಓದಿದೆ. ರೇಣುಕೆ ಇರಲಿಲ್ಲ. ಇರದದ್ದಕ್ಕೆ ನನಗೆ ಸಮಾಧಾನವಾಯಿತು, ಅದನ್ನೂ ಬರೆದುಬಿಡುತ್ತೇನೆ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದವನು ಅಮ್ಮನಿಗೆ ತೋರಿಸದೆ ಎರಡು ತಿಂಗಳು ಇಟ್ಟುಕೊಂಡೆ.

ಹೋದ ವಾರ ಬಸ್ಸಿಳಿದು ಮನೆಗೆ ಬಂದಾಗ ಅಮ್ಮ ಕಣದಲ್ಲಿದ್ದಳು. ಮರದ ಹಲಗೆಯಿಂದ ಕಾಫಿಯನ್ನು ಎಳೆದು ಎಳೆದು ತಿರುವಿ ಹಾಕುತ್ತಿದ್ದಳು.

‘ವಿಭಾ ಫೋನ್ ಮಾಡಿದ್ಲು’ ಎಂದಳು. ‘ಬೆಂಗ್ಳೂರ್ಗೆ ಹೋಗಿದ್ಯಂತೆ. ಹೇಳ್ನೇ ಇಲ್ಲ.’

ಫೋನು ತೆಗೆದು ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಿಸಿಲಿಗೆ ಬೆನ್ನು ಮಾಡಿ ಒಂದೊಂದೇ ಚಿತ್ರ ಸರಿಸಿದಳು. ‘ಪುಟ್ಟಮ್ಮ ನೋಡು, ಮಹಾರಾಣಿ ಹಂಗವ್ಳೆ’ ಎಂದು ನಕ್ಕಳು. ಕೊನೆಯ ಚಿತ್ರ ಬಂದ ಮೇಲೂ ಬೆರಳು ಇನ್ನೊಂದು ಸಲ ಸರಿಸಿತು.

‘ನಂದು ಇಲ್ಲ.’

‘ಅದು ಮಳೆಗೆ ಹೋಯ್ತಲ್ಲಮ್ಮ. ನೀನೇ ಮತ್ತೆ ಕೂರಲ್ಲ ಅಂದೆಯಂತೆ.’

‘ಹೂಂ. ಅದೆಲ್ಲ ಎರಡೆರಡ್ ಸಲ ಹೇಳಕ್ಕಾಗಲ್ಲ ಕಣೋ.’

ಆಗ ನಾನು, ಅಭ್ಯಾಸಬಲದಿಂದ, ಸ್ಟಾಫ್ ರೂಮಿನ ಅದೇ ದನಿಯಲ್ಲಿ ಹೇಳಿದೆ: ‘ಏನ್ ಮಾಡೋದು. ಇಲ್ಲಿ ಹುಟ್ಟಿದವರ ಕೈ ಮೊದಲು ಕಾಫಿಗೇ ಹೋಗೋದು.’

‘ಯಾರ್ ಕೈ?’ ಅಮ್ಮ ಫೋನಿನಿಂದ ಕಣ್ಣೆತ್ತಿದಳು. ‘ನಿಂದಾ?’

ನಾನು ಕೈ ಚಾಚಿ ಫೋನು ಇಸಿದುಕೊಂಡೆ.

‘ಹುಟ್ದಾಗಿಂದ ಒಂದ್ ಸಲಾನೂ ಕಾಫಿ ಮುಚ್ಚಿದೋನಲ್ಲ ನೀನು. ಮಳೆ ಬಂದ್ರೆ ಪುಸ್ತಕ ಎತ್ಕಂಡು ಒಳಗೆ ಹೋಗ್ಬುಡೋನು. ಅದಕ್ಕೇ ತಾನೆ ಅವತ್ತು ಬಸ್ಸಿಗೆ ಹೋಗೋವಾಗ ಹೇಳಿದ್ದು, ಮೋಡ ಕವ್ಕಂಡ್ರೆ ಪುಟ್ಟಮ್ಮಂಗೆ ಒಂದ್ ಕೂಗ್ ಹಾಕು, ಕಾಫಿ ಚಿತ್ರ ಎಲ್ಲ ಅವ್ಳು ನೋಡ್ಕತಾಳೆ ಅಂತ. ಲೈನಲ್ಲೇ ಇದ್ಲು ಅವ್ಳು. ಯಾಕ್ ಕೂಗ್ನಿಲ್ಲ?’

ಅವಳು ಹಾಗೆ ಹೇಳಿದ್ದು ನನ್ನ ಎರಡು ಉತ್ತರಗಳಲ್ಲಿ ಯಾವುದರಲ್ಲೂ ಇಲ್ಲ. ನಾಲ್ಕು ವರ್ಷ ಇಷ್ಟೊಂದು ಅನುಮಾನದಿಂದ ತಿರುವಿ ನೋಡಿದ ನೆನಪಿನಲ್ಲಿ ಪುಟ್ಟಮ್ಮನೇ ಇರಲಿಲ್ಲ. ಎರಡೂ ಕಡೆ ನಾನೊಬ್ಬನೇ ಇದ್ದೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಲೈನ್ ಇದ್ದದ್ದನ್ನೇ ತೆಗೆದುಹಾಕಿ.

‘ಗೊತ್ತಿದ್ದೂ ಇಷ್ಟು ದಿನ ಯಾಕೆ ಕೇಳಲಿಲ್ಲ?’ ಎಂದೆ.

‘ಕೇಳಿದ್ರೆ ಏನಾದ್ರೂ ಒಂದ್ ಹೇಳ್ತಿದ್ದೆ ನೀನು. ಓದಿದೋನು.’

ಹತ್ತು ವರ್ಷದವನಂತೆ ನನ್ನ ಬಾಯಿಂದ ಬಂದದ್ದು ಇಷ್ಟೇ: ‘ಆ ಚಿತ್ರದಲ್ಲಿ ನಾನು ಇರಲಿಲ್ಲ.’

‘ಅದಕ್ಕಾ?’ ಎಂದಳು ಅಮ್ಮ. ಆಮೇಲೆ ಹಲಗೆಯನ್ನು ಕೈಗೆತ್ತಿಕೊಂಡಳು. ‘ಅವ್ಳು ಹಾಕ್ಬೇಕು ಅಂತಿದ್ಲು. ಕತೇಲಿ ಮಗ ಅವ್ನೆ ಅಮ್ಮಾ, ಅವನ್ನ ಹೆಂಗೆ ಬಿಡೋದು ಅಂದ್ಲು. ನಾನೇ ಬ್ಯಾಡ ಅಂದಿದ್ದು. ನಿಮ್ಮಪ್ಪ ಏನ್ ಹೇಳ್ ಕಳ್ಸುದ್ರೂ ಬಂದು ಒಪ್ಪಿಸ್ತಿದ್ದೆ ನೀನು, ಇಷ್ಟುದ್ದ ಇದ್ದೆ. ನಿನ್ ಕೈಗೆ ಕೊಡ್ಲಿ ಕೊಟ್ಟು ಹೆಂಗೋ ನಿಲ್ಸೋದು?’

ಹಲಗೆ ಕಾಫಿಯ ಮೇಲೆ ಸರಸರ ಹೋಯಿತು, ಹಿಂದೆ ಬಂತು. ನಾನು ಹೊಳೆಯ ಹತ್ತಿರ ಏನಾಗಿತ್ತಮ್ಮ ಎಂದು ಕೇಳಿದೆ. ಮೂವತ್ತು ವರ್ಷ ತಡವಾಗಿತ್ತು, ಆದರೂ ಕೇಳಿದೆ.

‘ಅದೆಲ್ಲ ಆ ಹಾಳೇಲಿ ಇತ್ತು’ ಎಂದಳು. ಸಿಟ್ಟಿರಲಿಲ್ಲ. ಒಂದು ಸಾಲು ಪೂರ್ತಿ ಎಳೆದು, ಕಣದ ಆ ತುದಿಗೆ ಹೋಗಿ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಳು.

‘ಚೆನ್ನಾಗಿದ್ದೆ ಕಣೋ ನಾನು ಅದ್ರಲ್ಲಿ.’